ಪುರಸೊತ್ತಿಲ್ಲದ ಕ್ರೈಸ್ತರಿಗೆ: ಹೊತ್ತನ್ನು ಕೊಂಡುಕೊಳ್ಳುವ ಕ್ರಮ

‘ಸಾಯುವುದಕ್ಕೂ ಪುರಸೊತ್ತಿಲ್ಲ’ ಎಂಬ ಮಾತನ್ನು ನಾನು ಹೆಚ್ಚಾಗಿ ಕೇಳುವುದು ಭಾನುವಾರ, ಆರಾಧನೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ಗುಂಪುಗುಂಪಾಗಿ ನಿಂತಿರುವಾಗ. ಹೇಳುವವರು ನಗುತ್ತಲೇ ಹೇಳುತ್ತಾರೆ, ಕೇಳುವವರೂ ನಗುತ್ತಾರೆ. ನಾನೂ ಬಹಳ ವರ್ಷ ಹಾಗೆ ಹೇಳಿಕೊಂಡು ತಿರುಗಿದವನೇ. ಸಾವು ನಮ್ಮ ಪುರಸೊತ್ತನ್ನು ಕೇಳಿಕೊಂಡು ಬರುವುದಿಲ್ಲ ಎಂಬುದನ್ನು ಸತ್ಯವೇದದ (ಬೈಬಲಿನ) 90ನೆಯ ಕೀರ್ತನೆ ನಗದೆಯೇ ಹೇಳುತ್ತದೆ. ಮೋಶೆಯ ಪ್ರಾರ್ಥನೆ ಎಂಬ ತಲೆಬರಹವಿರುವ ಆ ಕೀರ್ತನೆಯ ಪ್ರಕಾರ ಮನುಷ್ಯನ ಆಯುಷ್ಯ 70 ವರ್ಷ, ಬಲವಿದ್ದರೆ 80. ಅದಾದ ಎರಡು ವಚನಕ್ಕೆ, ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂಬ ಬೇಡಿಕೆ. ಒಂದು ಸಂಜೆ ಕುಳಿತು ಎಣಿಸಿಯೇಬಿಟ್ಟೆ. 70 ವರ್ಷಕ್ಕೆ 25,500 ಚಿಲ್ಲರೆ ದಿನಗಳು. 45 ತುಂಬಿದವರಿಗೆ ಅದರಲ್ಲಿ ಉಳಿದಿರುವುದು 9,000 ಚಿಲ್ಲರೆ.

ಪೌಲನು ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ, ದಿನಗಳು ಕೆಟ್ಟವಾಗಿರುವುದರಿಂದ ಕಾಲವನ್ನು ಸುಮ್ಮನೆ ಕಳೆಯಬೇಡಿ ಎನ್ನುತ್ತಾನೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ‘ಎಕ್ಸಗೊರಾಜೊ’. ಅದರ ಹೊಟ್ಟೆಯಲ್ಲಿ ‘ಅಗೋರಾ’, ಅಂದರೆ ಪೇಟೆ ಇದೆ. ಪೇಟೆಗೆ ಹೋಗಿ, ಬೆಲೆ ತೆತ್ತು, ಬಿಡಿಸಿಕೊಂಡು ಬರುವುದು ಎಂದು ಅರ್ಥ. ಕ್ರಿಸ್ತನು ನಮ್ಮನ್ನು ಶಾಪದಿಂದ ಬಿಡಿಸಿದನು ಎಂದು ಗಲಾತ್ಯದವರಿಗೆ ಬರೆಯುವಾಗಲೂ ಪೌಲನು ಬಳಸಿದ್ದು ಇದೇ ಪದವನ್ನು. ಇನ್ನು ‘ಕಾಲ’ ಎಂಬಲ್ಲಿ ಇರುವುದು ‘ಕೈರೋಸ್’. ಗಡಿಯಾರದ ಕಾಲಕ್ಕೆ ಗ್ರೀಕರಲ್ಲಿ ‘ಕ್ರೋನೋಸ್’ ಎಂಬ ಬೇರೆ ಪದವಿತ್ತು. ಕೈರೋಸ್‌ಗೆ ನಮ್ಮ ರೈತರ ಬಾಯಲ್ಲಿ ಒಳ್ಳೆಯ ಪದವಿದೆ: ಹದ. ಮಳೆ ಬಂದು ನೆಲ ಹದಕ್ಕೆ ಬಂದಾಗ ಬಿತ್ತಬೇಕು. ಹದ ತಪ್ಪಿದರೆ ಅದೇ ಬೀಜ, ಅದೇ ನೆಲ, ಬೆಳೆ ಮಾತ್ರ ಇಲ್ಲ.

ಹಾಗಾಗಿ ‘ಸಮಯ ಉಳಿಸುವುದು ಹೇಗೆ’ ಎಂಬ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ. ಹೊತ್ತನ್ನು ಡಬ್ಬಿಯಲ್ಲಿ ತುಂಬಿಡಲಾಗದು. ಕೊಳ್ಳಬಹುದು ಅಷ್ಟೆ, ಅದಕ್ಕೆ ಏನನ್ನಾದರೂ ತೆರಲೇಬೇಕು. ಕೆಳಗಿನ ಹೆಜ್ಜೆಗಳಲ್ಲಿ ಮಾಡಬೇಕಾದದ್ದರ ಜೊತೆಗೆ ತೆರಬೇಕಾದದ್ದನ್ನೂ ಹೇಳಿದ್ದೇನೆ. ಇದು ಮುಖ್ಯವಾಗಿ ಕಚೇರಿ, ಮನೆ, ಸಭೆ (ಅಂದರೆ ಚರ್ಚು) ಮೂರನ್ನೂ ಎಳೆಯುತ್ತಿರುವವರಿಗೆ. ಹಾಸಿಗೆ ಹಿಡಿದ ತಾಯಿಯನ್ನೋ ಎದೆಹಾಲಿನ ಮಗುವನ್ನೋ ನೋಡಿಕೊಳ್ಳುತ್ತಿರುವವರು ಮೂರನೆಯ ಮತ್ತು ಐದನೆಯ ಹೆಜ್ಜೆಯನ್ನಷ್ಟೇ ಓದಿದರೆ ಸಾಕು. ಅವರ ಹೊತ್ತು ಎಲ್ಲಿಗೆ ಹೋಗುತ್ತಿದೆ ಎಂಬುದು ದೇವರಿಗೆ ಚೆನ್ನಾಗಿ ಗೊತ್ತಿದೆ.

ಹೆಜ್ಜೆ 1: ಒಂದು ವಾರದ ಲೆಕ್ಕ ಬರೆಯಿರಿ

ಒಂದು ಸಣ್ಣ ನೋಟ್‌ಪುಸ್ತಕ ಸಾಕು. ಇದಕ್ಕೆ ಮೊಬೈಲ್ ಬೇಡ, ಅದು ಆರೋಪಿಗಳಲ್ಲೊಂದು. ಪ್ರತಿ ಪುಟಕ್ಕೆ ಒಂದು ದಿನ, ಪ್ರತಿ ಸಾಲಿಗೆ ಅರ್ಧ ಗಂಟೆ. ದಿನಕ್ಕೆ ಮೂರು ಸಲ ಬರೆಯಿರಿ: ಮಧ್ಯಾಹ್ನ ಊಟವಾದ ಮೇಲೆ, ಸಂಜೆ ಮನೆಗೆ ಬಂದೊಡನೆ, ಮಲಗುವ ಮುಂಚೆ. ಇಡೀ ದಿನದ್ದನ್ನು ರಾತ್ರಿ ನೆನಪು ಮಾಡಿಕೊಂಡು ಬರೆದರೆ ನಮ್ಮ ಮನಸ್ಸು ನಮ್ಮನ್ನು ನಿಜಕ್ಕಿಂತ ಒಳ್ಳೆಯವರನ್ನಾಗಿ ಮಾಡಿಬಿಡುತ್ತದೆ. ಆ ವಾರ ಏನನ್ನೂ ಸರಿಪಡಿಸಲು ಹೋಗಬೇಡಿ.

ಒಂದೇ ಒಂದು ನಿಯಮ: ‘ಇತರೆ’ ಎಂದು ಬರೆಯಬಾರದು. ಬ್ಯಾಂಕಿನಲ್ಲಿ 22 ವರ್ಷ ಲೆಕ್ಕ ನೋಡಿದ ಅನುಭವದಿಂದ ಹೇಳುತ್ತೇನೆ, ಎಲ್ಲ ಗೋಲ್‌ಮಾಲೂ ಅಡಗಿ ಕೂರುವುದು ‘ಇತರೆ ವೆಚ್ಚ’ದ ಕೆಳಗೆ.

ಎಂಟನೆಯ ದಿನ ಕೂಡಿಸಿ. ವಾರಕ್ಕೆ 168 ಗಂಟೆ. ನನ್ನ ಮೊದಲ ಲೆಕ್ಕದಲ್ಲಿ ನಿದ್ದೆಗೆ 52, ಕೆಲಸಕ್ಕೆ 54, ಓಡಾಟಕ್ಕೆ 12, ಸ್ನಾನ, ಊಟ, ಮನೆಗೆಲಸಕ್ಕೆ 21 ಹೋಗಿತ್ತು. ಒಟ್ಟು 139. ಉಳಿದ 29 ಗಂಟೆ ಎಲ್ಲಿ ಎಂದು ಹುಡುಕಿದರೆ, ಅದರಲ್ಲಿ 11 ಮೊಬೈಲಿನ ಪಾಲು. ಅದರಲ್ಲೂ ನಾಚಿಕೆಯಾದದ್ದು ಇದು: ಒಂಬತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆ ಬರುವ ಸತ್ಯವೇದ ವಚನಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದರಲ್ಲೇ ದಿನಕ್ಕೆ ಕಾಲು ಗಂಟೆ ಹೋಗುತ್ತಿತ್ತು. ಒಂದನ್ನೂ ಓದುತ್ತಿರಲಿಲ್ಲ.

ಇಲ್ಲಿ ತೆರಬೇಕಾದದ್ದು, ನಾನು ಬಹಳ ದುಡಿಯುತ್ತೇನೆ ಎಂಬ ಅಭಿಮಾನ.

ಹೆಜ್ಜೆ 2: ಯಾವುದು ಯಾರು ಕೊಟ್ಟ ಕೆಲಸ ಎಂದು ಬೇರ್ಪಡಿಸಿ

ಈಗ ಮೂರು ಬಣ್ಣದ ಪೆನ್ನು ತೆಗೆದುಕೊಳ್ಳಿ. ದೇವರು ನನಗೇ ಕೊಟ್ಟದ್ದು, ನಾನು ಬಿಟ್ಟರೆ ಮಾಡುವವರಿಲ್ಲದ್ದು, ನೀಲಿ: ಮಕ್ಕಳು, ಸಂಗಾತಿ, ಹೆತ್ತವರು, ಅನ್ನದ ಕೆಲಸ, ನನಗೆ ಕೊಟ್ಟ ವರ. ಬೇರೆಯವರು ಹೊರಿಸಿದ್ದು, ಮತ್ತೊಬ್ಬರೂ ಮಾಡಬಹುದಾದದ್ದು, ಹಸಿರು. ಹೆಸರಿಗೋ ಭಯಕ್ಕೋ ಚಟಕ್ಕೋ ನಾನೇ ಮೈಮೇಲೆ ಎಳೆದುಕೊಂಡದ್ದು, ಕೆಂಪು. ಪ್ರತಿ ಸಾಲಿಗೂ ಗೆರೆ ಎಳೆಯಿರಿ. ಇಡೀ ಕ್ರಮದಲ್ಲಿ ಕಷ್ಟವಾದ ಹೆಜ್ಜೆ ಇದು, ಅವಸರ ಮಾಡಬೇಡಿ.

ಕ್ರೈಸ್ತರ ಸಮಯದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಟಿ.ವಿ.ಯನ್ನೂ ಮೊಬೈಲನ್ನೂ ಬೈದು ಮುಗಿಸುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಕಳ್ಳ ಸಭೆಯ ಕೆಲಸವೇ. ಒಂದು ಕಾಲದಲ್ಲಿ ನಾನು ಸಭಾ ಸಮಿತಿಯ ಕಾರ್ಯದರ್ಶಿ, ಸಂಡೇ ಸ್ಕೂಲ್ ಶಿಕ್ಷಕ, ಗಾಯನ ತಂಡದ ಸದಸ್ಯ, ಕಟ್ಟಡ ನಿಧಿಯ ಲೆಕ್ಕಿಗ. ಮಗಳು ಐದನೆಯ ತರಗತಿಯಲ್ಲಿ ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆದಿದ್ದಳು. ‘ಅಮ್ಮ ಮನೆಯಲ್ಲಿ ಇರುತ್ತಾರೆ. ಅಪ್ಪ ಚರ್ಚಿನಲ್ಲಿ ಇರುತ್ತಾರೆ.’ ವ್ಯಾಕರಣ ತಪ್ಪಿರಲಿಲ್ಲ. ಟೀಚರ್ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದರು.

ಇಂಥವರಿಗೆಂದೇ ವಿಮೋಚನಕಾಂಡದ 18ನೆಯ ಅಧ್ಯಾಯವಿದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಾನೆ. ಮಾಡುತ್ತಿರುವುದು ದೇವರ ಕೆಲಸವೇ. ಅದನ್ನು ನೋಡಿದ ಮಾವ ಇತ್ರೋ ಅಳಿಯನನ್ನು ಹೊಗಳುವುದಿಲ್ಲ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಎನ್ನುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬನನ್ನು ನೇಮಿಸಿ, ದೊಡ್ಡ ವಿಷಯ ಮಾತ್ರ ನಿನ್ನ ಬಳಿ ಬರಲಿ ಎಂದು ದಾರಿ ತೋರಿಸುತ್ತಾನೆ. ಮೋಶೆ ಕೇಳಿದ. ಮಾವನ ಮಾತನ್ನು ಅಷ್ಟು ಬೇಗ ಕೇಳಿದ ಅಳಿಯಂದಿರು ಸತ್ಯವೇದದಲ್ಲೂ ಹೆಚ್ಚಿಲ್ಲ.

ಯೇಸುವಿನ ಕಡೆ ನೋಡಿದರೆ ಇನ್ನೂ ಸ್ಪಷ್ಟ. ಬೆಥೆಸ್ದ ಕೊಳದ ಬಳಿ ರೋಗಿಗಳ ಗುಂಪೇ ಬಿದ್ದಿತ್ತು; ಅಂದು ಆತನು ಎಬ್ಬಿಸಿ ನಡೆಸಿದ್ದು 38 ವರ್ಷ ನರಳಿದ ಒಬ್ಬನನ್ನು ಎಂದು ಯೋಹಾನ ಬರೆಯುತ್ತಾನೆ. ಕಪೆರ್ನೌಮಿನಲ್ಲಿ ‘ಎಲ್ಲರೂ ನಿನ್ನನ್ನು ಹುಡುಕುತ್ತಾರೆ’ ಎಂದು ಸಿಮೋನನು ಓಡಿ ಬಂದು ಹೇಳಿದಾಗ, ಬೇರೆ ಊರುಗಳಿಗೆ ಹೋಗೋಣ ಎಂದುಬಿಟ್ಟನು. ಆದರೂ ಕೊನೆಯ ರಾತ್ರಿ ತಂದೆಗೆ ಪ್ರಾರ್ಥಿಸುವಾಗ, ನೀನು ಮಾಡಲು ಕೊಟ್ಟ ಕೆಲಸವನ್ನು ಪೂರೈಸಿದ್ದೇನೆ ಎನ್ನಲು ಆತನಿಗೆ ಆಯಿತು. ಊರಿನಲ್ಲಿ ಇನ್ನೂ ರೋಗಿಗಳಿದ್ದರು. ಲೆಕ್ಕ ಇದ್ದದ್ದು ‘ಕೊಟ್ಟ ಕೆಲಸ’ಕ್ಕೆ.

ಕೆಂಪನ್ನು ಈ ವಾರವೇ ಬಿಡಿ. ಹಸಿರನ್ನು ಥಟ್ಟನೆ ಬಿಡುವುದು ಅನ್ಯಾಯ, ಹಸ್ತಾಂತರಕ್ಕೆ ಕ್ರಮವಿದೆ. ಮೊದಲು ಅಯ್ಯನವರಿಗೆ ಅಥವಾ ಫಾದರ್‌ಗೆ ಎದುರು ಕುಳಿತು ಹೇಳಿ, ಸಂದೇಶ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ಎರಡು ತಿಂಗಳ ಅವಧಿ ಕೊಡಿ. ಆ ಎರಡು ತಿಂಗಳು ಒಬ್ಬ ಯುವಕನನ್ನೋ ಯುವತಿಯನ್ನೋ ಜೊತೆಗೆ ಕೂರಿಸಿಕೊಂಡು ಕಲಿಸಿ. ರಿಜಿಸ್ಟರ್, ಬೀಗದ ಕೈ, ಫೋನ್ ನಂಬರುಗಳ ಪಟ್ಟಿ ಒಪ್ಪಿಸಿ. ಆಮೇಲೆ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಬಾಯಿ ತೆರೆಯಬೇಡಿ. ಇದು ಎಲ್ಲಕ್ಕಿಂತ ಕಷ್ಟ.

ಹೊಸದಾಗಿ ಬರುವ ಕೆಲಸಕ್ಕೆ ‘ಆಗುವುದಿಲ್ಲ’ ಎನ್ನಲು ನಮ್ಮವರಿಗೆ ನಾಲಿಗೆ ಹೊರಳುವುದಿಲ್ಲ. ‘ನೋಡೋಣ, ಪ್ರಾರ್ಥನೆ ಮಾಡುತ್ತೇನೆ’ ಎನ್ನುತ್ತೇವೆ. ಅರ್ಧದಷ್ಟು ಸಲ ಪ್ರಾರ್ಥನೆಯನ್ನೂ ಮಾಡುವುದಿಲ್ಲ, ಕೇಳಿದವರು ಕಾಯುತ್ತಾ ಕೂರುತ್ತಾರೆ. ನಾನು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ: ‘ನನ್ನನ್ನು ನೆನಪಿಸಿಕೊಂಡದ್ದಕ್ಕೆ ಸಂತೋಷ. ಈ ವರ್ಷ ನನಗೆ ಒಪ್ಪಿಸಿದ ಎರಡು ಕೆಲಸಗಳಿವೆ, ಮೂರನೆಯದನ್ನು ಹಿಡಿದರೆ ಮೂರೂ ಕೆಡುತ್ತವೆ. ಇದು ನನ್ನಿಂದ ಆಗದು.’ ಎರಡನೆಯ ಸಲ ಕೇಳಿದರೆ ಅದೇ ವಾಕ್ಯ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ನೆಹೆಮೀಯನನ್ನು ವೈರಿಗಳು ಓನೋ ಬಯಲಿಗೆ ಮಾತುಕತೆಗೆ ಬಾ ಎಂದು ನಾಲ್ಕು ಸಲ ಕರೆದರು. ನಾಲ್ಕು ಸಲವೂ ಆತ ಕಳುಹಿಸಿದ್ದು ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ. ಗೋಡೆ 52 ದಿನಗಳಲ್ಲಿ ಮುಗಿಯಿತು.

ಇಲ್ಲಿ ತೆರಬೇಕಾದದ್ದು ಒಳ್ಳೆಯ ಹೆಸರು. ನಾಲ್ಕು ಜನ ಮುಖ ತಿರುಗಿಸುತ್ತಾರೆ.

ಹೆಜ್ಜೆ 3: ಮೊದಲು ಬಿಡುವಿನ ದಿನವನ್ನು ಗುರುತು ಹಾಕಿ

ವೇಳಾಪಟ್ಟಿ ಬರೆಯುವವರು ಕೆಲಸವನ್ನೆಲ್ಲ ತುಂಬಿಸಿ, ಉಳಿದರೆ ಬಿಡುವು ಎನ್ನುತ್ತಾರೆ. ಉಳಿಯುವುದಿಲ್ಲ. ಖಾಲಿ ಹಾಳೆಯಲ್ಲಿ ಮೊದಲು ವಿಶ್ರಾಂತಿಯ ದಿನವನ್ನು ಕತ್ತರಿಸಿ ತೆಗೆಯಿರಿ. ಹತ್ತು ಆಜ್ಞೆಗಳು ಸತ್ಯವೇದದಲ್ಲಿ ಎರಡು ಕಡೆ ಬರುತ್ತವೆ, ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಕೊಡುವ ಕಾರಣ ಎರಡರಲ್ಲೂ ಬೇರೆ ಬೇರೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನು ಎಂಬುದು. ಧರ್ಮೋಪದೇಶಕಾಂಡದಲ್ಲಿ, ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂಬುದು. ದಾಸನಿಗೆ ರಜೆಯಿಲ್ಲ. ರಜೆ ತೆಗೆದುಕೊಳ್ಳಲಾರದವನು ಇನ್ನೂ ಯಾರದೋ ದಾಸ, ಬಹುಶಃ ತನ್ನದೇ.

ಅದೇ ಧರ್ಮೋಪದೇಶಕಾಂಡ ಇನ್ನೊಂದು ಮಾತು ಸೇರಿಸುತ್ತದೆ: ನಿನ್ನ ದಾಸನೂ ದಾಸಿಯೂ ನಿನ್ನ ಹಾಗೆಯೇ ವಿಶ್ರಮಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಭಾನುವಾರ ಯಾರಿಗೆ ವಿಶ್ರಾಂತಿ? ಆರಾಧನೆಯಿಂದ ಬಂದೊಡನೆ ಗಂಡಸರು ಪತ್ರಿಕೆ ಹಿಡಿದು ಕೂರುತ್ತಾರೆ, ಹೆಂಗಸರು ಸೀರೆ ಸಹ ಬದಲಿಸದೆ ಕೋಳಿ ಸಾರಿಗೆ ಮಸಾಲೆ ಅರೆಯಲು ಹೋಗುತ್ತಾರೆ. ವಾರದಲ್ಲಿ ಅತಿ ಹೆಚ್ಚು ಪಾತ್ರೆ ತೊಳೆಯುವ ದಿನಕ್ಕೆ ಕರ್ತನ ದಿನ ಎಂದು ಹೆಸರು. ನಮ್ಮ ಮನೆಯಲ್ಲಿ ಇದನ್ನು ಬದಲಿಸಲು ಎರಡು ವರ್ಷ ಬೇಕಾಯಿತು. ಈಗ ಕ್ರಮ ಹೀಗಿದೆ:

ಶನಿವಾರ ಮಧ್ಯಾಹ್ನದೊಳಗೆ ಸಂತೆ, ಬಿಲ್ ಪಾವತಿ, ಬಟ್ಟೆ. ಸಂಜೆ ಆರರೊಳಗೆ ಇಸ್ತ್ರಿ, ಮಸಾಲೆ, ಮರುದಿನದ ತರಕಾರಿ. ಆರು ಗಂಟೆಗೆ ದೀಪ ಹಚ್ಚಿ ಒಂದು ಕೀರ್ತನೆ ಓದುತ್ತೇವೆ. ಅಲ್ಲಿಂದ ಭಾನುವಾರ ಸಂಜೆ ಆರರವರೆಗೆ ಬಿಡುವು. ದಿನವನ್ನು ಸಂಜೆಯಿಂದ ಎಣಿಸುವುದು ಹೊಸದೇನಲ್ಲ, ಆದಿಕಾಂಡದ ಮೊದಲ ಅಧ್ಯಾಯವೇ ‘ಸಾಯಂಕಾಲವೂ ಪ್ರಾತಃಕಾಲವೂ’ ಎಂದು ಎಣಿಸುತ್ತದೆ. ಭಾನುವಾರದ ಅಡುಗೆ ಒಂದೇ ಪಾತ್ರೆಯದು. ಅನ್ನಕ್ಕಿಡುವುದು ನಾನು, ಪಾತ್ರೆ ಮಕ್ಕಳದು. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಸಂಬಳ ಕಡಿತವಿಲ್ಲದ ರಜೆ. ಬ್ಯಾಂಕಿನ ಇಮೇಲ್ ತೆರೆಯುವುದಿಲ್ಲ. ಮಧ್ಯಾಹ್ನ ನಿದ್ದೆ ಬಂದರೆ ನಿದ್ದೆ.

ನರ್ಸ್, ಪೊಲೀಸ್, ಬಸ್ ಚಾಲಕ, ಹೋಟೆಲ್ ನೌಕರ, ರಾತ್ರಿ ಪಾಳಿಯ ಕಂಪನಿ ಕೆಲಸದವರು ಭಾನುವಾರ ಬಿಡುವು ಮಾಡಿಕೊಳ್ಳಲಾಗದು. ಅವರು ಪಾಳಿ ಪಟ್ಟಿ ಕೈಗೆ ಬಂದ ದಿನವೇ ತಮ್ಮ ವಾರದ ರಜೆಯನ್ನು ಹೀಗೆ ಗುರುತು ಹಾಕಿಕೊಳ್ಳಲಿ, ಶನಿವಾರ ಸಂಜೆಯ ಪೂಜೆಯೋ ವಾರದ ಮಧ್ಯದ ಪ್ರಾರ್ಥನಾಕೂಟವೋ ಇದ್ದರೆ ಅದಕ್ಕೆ ಸೇರಿಕೊಳ್ಳಲಿ. ಸಬ್ಬತ್ ಮನುಷ್ಯನಿಗಾಗಿ ಇದೆ ಎಂದದ್ದು ಸಬ್ಬತ್ತಿನ ಒಡೆಯನೇ.

ತೆರಬೇಕಾದದ್ದು ಹಣ. ಓವರ್‌ಟೈಮ್ ಹೋಗುತ್ತದೆ, ಭಾನುವಾರದ ಟ್ಯೂಷನ್ ಹೋಗುತ್ತದೆ. ಐಗುಪ್ತದಿಂದ ಹೊರಟವರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಆರನೆಯ ದಿನ ಎರಡರಷ್ಟು ಸಿಕ್ಕಿತು, ಏಳನೆಯ ದಿನ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ. ಈ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಹಲವು ಸಲ ಹೇಳಿದ್ದೇನೆ, ನಂಬಿದ್ದು ತಡವಾಗಿ.

ಹೆಜ್ಜೆ 4: ಬೆಳಗನ್ನು ಹಿಂದಿನ ರಾತ್ರಿಯೇ ಕೊಳ್ಳಿ

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಇದನ್ನು ಓದಿ ನಾಲ್ಕು ಗಂಟೆಗೆ ಅಲಾರಂ ಇಟ್ಟು, ಮೂರು ದಿನ ಎದ್ದು, ನಾಲ್ಕನೆಯ ದಿನ ಕಚೇರಿಯಲ್ಲಿ ತೂಕಡಿಸಿ ಕೈಬಿಟ್ಟವರು ಬಹಳ. ಆತನು ಎದ್ದದ್ದು ವಿದ್ಯುತ್ ದೀಪವಿಲ್ಲದ, ಬೇಗ ಮಲಗುತ್ತಿದ್ದ ಊರಿನಲ್ಲಿ. 127ನೆಯ ಕೀರ್ತನೆ ನಸುಕಿನಲ್ಲಿ ಎದ್ದು ತಡವಾಗಿ ಮಲಗಿ ದುಡಿಯುವುದನ್ನು ವ್ಯರ್ಥವೆಂದೇ ಕರೆಯುತ್ತದೆ, ನಿದ್ದೆಯನ್ನು ದೇವರ ಕೊಡುಗೆಗಳ ಸಾಲಿಗೆ ಸೇರಿಸುತ್ತದೆ.

ಆದ್ದರಿಂದ ಅಲಾರಂ ಹಿಂದಕ್ಕೆ ಸರಿಸುವ ಮುಂಚೆ ಮಲಗುವ ವೇಳೆಯನ್ನು ಸರಿಸಿ. ವಾರಕ್ಕೆ ಕಾಲು ಗಂಟೆಯಂತೆ. ರಾತ್ರಿ ಹತ್ತಕ್ಕೆ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಮಲಗುವ ಕೋಣೆಗೆ ಒಂದು ಕೈಗಡಿಯಾರವೋ ಅಲಾರಂ ಗಡಿಯಾರವೋ ಇರಲಿ. ಸತ್ಯವೇದ, ಕನ್ನಡಕ, ನೋಟ್‌ಪುಸ್ತಕ, ಪೆನ್ನು ಒಂದೇ ಕುರ್ಚಿಯ ಮೇಲೆ ಇಟ್ಟು ಮಲಗಿ. ಕಾಗದದ ಸತ್ಯವೇದವನ್ನೇ ಬಳಸಿ. ಮೊಬೈಲಿನಲ್ಲಿ ಓದಲು ತೊಡಗಿದರೆ ಎರಡನೆಯ ವಚನಕ್ಕೆ ಬರುವಷ್ಟರಲ್ಲಿ ಯಾರದೋ ಮದುವೆಯ ಫೋಟೊ ಬಂದಿರುತ್ತದೆ.

ಬೆಳಿಗ್ಗೆ 20 ನಿಮಿಷ ಸಾಕು: ಎರಡು ನಿಮಿಷ ಸುಮ್ಮನೆ, ಹತ್ತು ನಿಮಿಷ ಓದು, ಐದು ನಿಮಿಷ ಪ್ರಾರ್ಥನೆ, ಮೂರು ನಿಮಿಷ ಇಂದಿನ ಕೆಲಸದ ಪಟ್ಟಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಶನಿವಾರ ಮತ್ತು ಭಾನುವಾರ ಕೀರ್ತನೆಗಳಿಗೆ ಉಳಿಯುತ್ತವೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಬೇಡಿ. ಬಾಕಿ ಬೆಳೆಯಲು ಬಿಟ್ಟರೆ ಸತ್ಯವೇದವೂ ಸಾಲದ ಪುಸ್ತಕದಂತೆ ಕಾಣತೊಡಗುತ್ತದೆ.

ಕೆಲಸದ ಪಟ್ಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ನನ್ನ ಅಭ್ಯಾಸ. ನಾಳೆ ಇಂಥ ಊರಿಗೆ ಹೋಗಿ ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ ಯಾಕೋಬನು, ಕರ್ತನ ಚಿತ್ತವಿದ್ದರೆ ಎಂದು ಸೇರಿಸಿರಿ ಎನ್ನುತ್ತಾನಲ್ಲ. ಪೆನ್ಸಿಲ್ ಅದನ್ನು ದಿನವೂ ನೆನಪಿಸುತ್ತದೆ.

ತೆರಬೇಕಾದದ್ದು: ರಾತ್ರಿ ಹತ್ತರ ನಂತರದ ಎಲ್ಲವೂ. ಕ್ರಿಕೆಟ್ಟಿನ ಕೊನೆಯ ಓವರುಗಳೂ ಸೇರಿ, ಹೇಳಲು ನೋವಾಗುತ್ತದೆ.

ಹೆಜ್ಜೆ 5: ಹಗಲಿಗೆ ಮೂರು ಘಂಟೆ ಕಟ್ಟಿ

ದಾನಿಯೇಲನು ಬಾಬೆಲಿನಲ್ಲಿ ರಾಜ್ಯದ ದೊಡ್ಡ ಅಧಿಕಾರಿ, ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಕ್ಯಾಥೋಲಿಕ್ ದೇವಾಲಯಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಾರಿಸುವ ತ್ರಿಕಾಲ ಪ್ರಾರ್ಥನೆಯ ಘಂಟೆಯೂ ಅದೇ ಜಾಡಿನದು. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ‘ಆಮೋರಿ’ಗೆ ಆಟ ನಿಲ್ಲಿಸಿ ಮಕ್ಕಳು ಒಳಗೆ ಬರಬೇಕಿತ್ತು, ಆಮೇಲೆ ‘ತೆರ್ಸ್’, ಅಂದರೆ ಜಪಸರ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಸಭೆಯವರು, ನಮ್ಮಲ್ಲಿ ಆ ಘಂಟೆಯಿಲ್ಲ. ನನಗೆ ಅದರ ಮೇಲೆ ಸ್ವಲ್ಪ ಅಸೂಯೆಯಿದೆ.

ಘಂಟೆ ಇಲ್ಲದಿದ್ದರೆ ದಿನವೂ ತಪ್ಪದೆ ನಡೆಯುವ ಮೂರು ಕೆಲಸಗಳಿಗೆ ಪ್ರಾರ್ಥನೆಯನ್ನು ಗಂಟುಹಾಕಿ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡ ಕೂಡಲೇ, ಊಟದ ಡಬ್ಬಿ ತೆರೆಯುವಾಗ, ಮನೆಯ ಬಾಗಿಲ ಬಳಿ ಚಪ್ಪಲಿ ಬಿಡುವಾಗ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯದು. ಮೂರನೆಯದು ವಿಶೇಷ: ಚಪ್ಪಲಿಯ ಜೊತೆಗೆ ಕಚೇರಿಯನ್ನೂ ಹೊರಗೆ ಬಿಡಲು ಅದು ಸಹಾಯ ಮಾಡುತ್ತದೆ. ಮಗುವಿಗೆ ಹಾಲುಣಿಸುವವರಿಗೆ, ರೋಗಿಯ ಮಗ್ಗುಲು ಬದಲಿಸುವವರಿಗೆ ಆ ಕೆಲಸಗಳೇ ಘಂಟೆ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿ ಇರಲು ಅಭ್ಯಾಸ ಮಾಡಿಕೊಂಡದ್ದಕ್ಕೇ ಹೆಸರಾದವನು.

ಇದಕ್ಕೆ ತೆರಬೇಕಾದದ್ದು ಬಹುತೇಕ ಏನೂ ಇಲ್ಲ.

ಹೆಜ್ಜೆ 6: ಕೆಲಸದ ಹೊತ್ತಿನಲ್ಲಿ ಕೆಲಸ

ಏನು ಮಾಡಿದರೂ ಕರ್ತನಿಗೋಸ್ಕರವೆಂದು ಮನಃಪೂರ್ವಕವಾಗಿ ಮಾಡಿರಿ ಎಂಬುದು ಕೊಲೊಸ್ಸೆಯವರಿಗೆ ಬರೆದ ಮಾತು, ಅದೂ ಆಗಿನ ದಾಸರಿಗೆ. ಸಂಬಳದ ಹೊತ್ತಿನಲ್ಲಿ ಪ್ರಸಂಗದ ವಿಡಿಯೋ ಕೇಳುವುದು ಭಕ್ತಿಯಾಗದು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇಲ್ಲಿ ಹೇಳಬೇಕಾದದ್ದು ಬೇರೊಂದಿದೆ: ವರ್ಷಗಟ್ಟಲೆ ಹಿಡಿಯುವ ದೊಡ್ಡ ಕೆಲಸ.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಕರ್ನಾಟಕಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ನಡುವೆ 41 ವರ್ಷ. ಸುಮಾರು 70 ಸಾವಿರ ಪದಗಳ ಆ ಗ್ರಂಥ ಯಾವುದೋ ಒಂದು ಸ್ಫೂರ್ತಿಯ ವಾರದಲ್ಲಿ ಆದದ್ದಲ್ಲ. ಅಷ್ಟು ಪದಗಳನ್ನು 41 ವರ್ಷಗಳಿಗೆ ಹಂಚಿ ನೋಡಿ, ದಿನಕ್ಕೆ ಐದು ಪದವೂ ಬರುವುದಿಲ್ಲ.

ನಿಮ್ಮ ನೀಲಿ ಪಟ್ಟಿಯಲ್ಲಿ ಅಂಥದ್ದೊಂದು ಇದ್ದರೆ, ಅಜ್ಜಿಯ ಹಾಡುಗಳನ್ನು ಬರೆದಿಡುವುದೋ ಸಭೆಯ ಚರಿತ್ರೆಯೋ ನಿಂತುಹೋದ ಪದವಿಯೋ, ವಾರಕ್ಕೆ ಮೂರು ದಿನ, ಒಂದೇ ವೇಳೆ, ಒಂದೇ ಮೇಜು, 40 ನಿಮಿಷ ಎಂದು ಕಟ್ಟಿಹಾಕಿ. ಅಂದು ನಿಲ್ಲಿಸುವಾಗ ಮುಂದಿನ ಸಲ ಮೊದಲು ಏನು ಮಾಡಬೇಕೆಂದು ಒಂದು ಸಾಲು ಬರೆದಿಟ್ಟು ಏಳಿ.

ಹೆಜ್ಜೆ 7: ಅಡ್ಡಿಗಳಿಗೆ ಜಾಗ ಬಿಡಿ

ಯಾಯೀರನ 12 ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಆ ಮನೆಗೆ ಹೊರಟಿದ್ದಾನೆ, ಸುತ್ತ ನೂಕುನುಗ್ಗಲು. 12 ವರ್ಷಗಳಿಂದ ರಕ್ತಸ್ರಾವವಿದ್ದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ, ವಾಸಿಯೂ ಆಗುತ್ತಾಳೆ. ಅಲ್ಲಿಗೆ ಮುಗಿಯಬಹುದಿತ್ತು. ಆತನು ನಿಲ್ಲುತ್ತಾನೆ. ಯಾರು ಮುಟ್ಟಿದ್ದು ಎಂದು ಹುಡುಕುತ್ತಾನೆ. ಅವಳು ನಡುಗುತ್ತಾ ನಡೆದದ್ದನ್ನೆಲ್ಲ ಹೇಳುವವರೆಗೆ ಕೇಳುತ್ತಾನೆ. ಪಕ್ಕದಲ್ಲಿ ನಿಂತ ಯಾಯೀರನ ಎದೆಬಡಿತವನ್ನು ನಾನು ಪ್ರತಿ ಸಲ ಓದುವಾಗಲೂ ಕೇಳಿಸಿಕೊಳ್ಳುತ್ತೇನೆ. ಅಷ್ಟರಲ್ಲೇ ಮಗಳು ತೀರಿಕೊಂಡ ಸುದ್ದಿ ಬರುತ್ತದೆ. ಯಾವ ಸಮಯಪಾಲನೆಯ ತರಬೇತುದಾರನೂ ಇದನ್ನು ಒಪ್ಪಲಾರ. ಆದರೂ ಆ ದಿನ ಇಬ್ಬರೂ ಬದುಕಿದರು.

ಎರಡನೆಯ ಹೆಜ್ಜೆಯಲ್ಲಿ ‘ಆಗುವುದಿಲ್ಲ’ ಎನ್ನಲು ಕಲಿಸಿ ಇಲ್ಲಿ ‘ನಿಲ್ಲಿ’ ಎನ್ನುತ್ತಿದ್ದೇನೆ, ಗೊಂದಲ ಎನಿಸಬಹುದು. ನಾನು ಹಿಡಿದಿರುವ ಗುರುತು ಇದು: ಕೆಲಸವೊಂದು ನನ್ನನ್ನು ಕೇಳಿದರೆ ಪಟ್ಟಿ ನೋಡುತ್ತೇನೆ, ಕಷ್ಟದಲ್ಲಿರುವ ಮನುಷ್ಯ ಎದುರು ನಿಂತರೆ ಪಟ್ಟಿ ಮಡಚುತ್ತೇನೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಗಾಯಗೊಂಡು ಬಿದ್ದವನನ್ನು ದಾಟಿಹೋದ ಯಾಜಕನಿಗೂ ದೇವಾಲಯದ ಸೇವಕನಾದ ಲೇವಿಯನಿಗೂ ಏನು ಅವಸರವಿತ್ತೋ ಲೂಕನು ಬರೆದಿಲ್ಲ. ನನ್ನಂತೆ ಅವರಿಗೂ ಸಮಿತಿ ಸಭೆ ಇತ್ತೇನೋ.

ಇದನ್ನು ಮಾಡಲು ಒಳ್ಳೆಯ ಮನಸ್ಸು ಸಾಲದು, ಖಾಲಿ ಜಾಗ ಬೇಕು. ದಿನಕ್ಕೆ ಮುಕ್ಕಾಲು ಗಂಟೆಯನ್ನು, ಸಾಧ್ಯವಾದರೆ ಸಂಜೆ, ಏನನ್ನೂ ಬರೆಯದೆ ಬಿಡಿ. ವಾರದ ಒಂದು ಸಂಜೆಯನ್ನು ಪೂರ್ತಿ ಬಿಡಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಲು ಬೇಕೆಂದು ನಿಮಗೆ ತೋರುವುದಕ್ಕಿಂತ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಯಾರೂ ಬಾರದ ದಿನ ಆ ಮುಕ್ಕಾಲು ಗಂಟೆಯಲ್ಲಿ ಒಂಟಿಯಾಗಿರುವ ಯಾರಿಗಾದರೂ ಫೋನ್ ಮಾಡಿ. ನಮ್ಮ ಬೀದಿಯ ಹಿರಿಯ ಮೇಷ್ಟರೊಬ್ಬರಿಗೆ ನಾನು ಮಂಗಳವಾರ ಮಾಡುತ್ತೇನೆ. ಕಳೆದ ಚುನಾವಣೆಯಿಂದ ಹಿಡಿದು ತಮ್ಮ ಮೊಣಕಾಲು ನೋವಿನವರೆಗೆ ಮಾತನಾಡಿ, ಕೊನೆಗೆ ಅವರೇ ‘ನಿಮಗೆ ಕೆಲಸವಿರುತ್ತದೆ, ಇಡಿ’ ಎನ್ನುತ್ತಾರೆ.

ಮಕ್ಕಳ ವಿಷಯದಲ್ಲಿ ಮಾತ್ರ ಖಾಲಿ ಜಾಗವನ್ನು ನಂಬಬೇಡಿ, ವೇಳೆ ಗೊತ್ತುಮಾಡಿ. ಮೆಥೋಡಿಸ್ಟ್ ಚಳವಳಿಯನ್ನು ಹುಟ್ಟುಹಾಕಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ ಸುಸಾನಾ 19 ಮಕ್ಕಳನ್ನು ಹೆತ್ತವರು, ಹಲವರನ್ನು ಎಳವೆಯಲ್ಲೇ ಕಳೆದುಕೊಂಡವರು. ಉಳಿದವರಲ್ಲಿ ಒಬ್ಬೊಬ್ಬರೊಡನೆ ಮಾತನಾಡಲು ವಾರದಲ್ಲಿ ಒಂದೊಂದು ಸಂಜೆ ಗೊತ್ತುಮಾಡಿದ್ದರು, ಜಾನ್‌ನದು ಗುರುವಾರ. ದೊಡ್ಡವನಾದ ಮೇಲೂ ಜಾನ್ ಆ ಗುರುವಾರಗಳನ್ನು ನೆನಪಿಸಿಕೊಂಡು ತಾಯಿಗೆ ಬರೆದಿದ್ದಾನೆ. ನಮ್ಮ ಮಗಳ ದಿನ ಬುಧವಾರ, ರಾತ್ರಿ ಊಟದ ನಂತರ ಅರ್ಧ ಗಂಟೆ. ಮೊದಲ ಎರಡು ತಿಂಗಳು ಅವಳು ಒಂದು ಮಾತೂ ಆಡಲಿಲ್ಲ.

ಹೆಜ್ಜೆ 8: ರಾತ್ರಿ ಐದು ನಿಮಿಷ, ಶನಿವಾರ ಅರ್ಧ ಗಂಟೆ

ಲೊಯೊಲಾದ ಸಂತ ಇಗ್ನೇಷಿಯಸ್ 16ನೆಯ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆಯ ಕ್ರಮವನ್ನು ಯಾವ ಸಭೆಯವರಾದರೂ ಬಳಸಬಹುದು. ಮಲಗುವ ಮುಂಚೆ, ದೀಪ ಆರಿಸಿ: ಮೊದಲು ಕೃತಜ್ಞತೆ, ಇಂದಿನ ಒಂದು ನಿರ್ದಿಷ್ಟ ವಿಷಯಕ್ಕೆ. ಎರಡನೆಯದು, ಸರಿಯಾಗಿ ನೋಡಲು ಬೆಳಕು ಕೊಡು ಎಂಬ ಬೇಡಿಕೆ. ಮೂರನೆಯದು, ಬೆಳಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ಹಿಂದಿರುಗಿ ನೋಡುವುದು. ನಾಲ್ಕನೆಯದು, ಎಲ್ಲಿ ಹದ ತಪ್ಪಿಸಿದೆನೋ ಅದಕ್ಕೆ ಕ್ಷಮೆ. ಐದನೆಯದು, ನಾಳೆ ಬದಲಿಸುವ ಒಂದೇ ಒಂದು ವಿಷಯ. ಮೂರನೆಯದಕ್ಕೆ ಬರುವಷ್ಟರಲ್ಲಿ ನಿದ್ದೆ ಹತ್ತಿದರೆ ಚಿಂತೆಯಿಲ್ಲ.

ಶನಿವಾರ ದೀಪ ಹಚ್ಚುವ ಮುಂಚೆ ನೋಟ್‌ಪುಸ್ತಕ ತೆಗೆದು ಮೂರು ಪ್ರಶ್ನೆ: ಈ ವಾರ ನೀಲಿಗೆ ಎಷ್ಟು ಗಂಟೆ ಹೋಯಿತು, ಹೊಸ ಕೆಂಪು ಯಾವುದು ನುಸುಳಿತು, ಮುಂದಿನ ವಾರದ ಖಾಲಿ ಸಂಜೆ ಯಾವುದು. ವರ್ಷಾಂತ್ಯದ ರಾತ್ರಿ ಆರಾಧನೆಗೆ ಹೋಗುವ ಮುಂಚೆ 52 ಶನಿವಾರಗಳ ಪುಟಗಳನ್ನು ಒಮ್ಮೆ ತಿರುವಿ ಹಾಕಿ. ಹೊಸ ವರ್ಷದ ವಾಗ್ದಾನ ವಚನದ ಚೀಟಿ ಎತ್ತುವಾಗ ಕೈ ಸ್ವಲ್ಪ ಬೇರೆ ರೀತಿಯಲ್ಲಿ ಮುಂದೆ ಹೋಗುತ್ತದೆ.

ಎಂಟು ಹೆಜ್ಜೆಗಳನ್ನೂ ಒಂದೇ ವಾರ ಹಿಡಿಯಬೇಡಿ. ಮೊದಲ ವಾರ ಲೆಕ್ಕ, ಎರಡನೆಯ ವಾರ ಬಣ್ಣ, ಮೂರನೆಯ ವಾರ ಶನಿವಾರದ ದೀಪ, ಉಳಿದವು ತಿಂಗಳಿಗೊಂದರಂತೆ. ಐದಾರು ವಾರಕ್ಕೆ ಎಲ್ಲವೂ ಕುಸಿಯುತ್ತದೆ, ಇದು ಅನುಭವದ ಮಾತು. ಮನೆಗೆ ನೆಂಟರು ಬರುತ್ತಾರೆ, ಯಾರಿಗೋ ಜ್ವರ ಬರುತ್ತದೆ, ಮಾರ್ಚ್ ತಿಂಗಳ ಲೆಕ್ಕ ಮುಗಿಸಲು ರಾತ್ರಿ ಹತ್ತಾಗುತ್ತದೆ, ನೋಟ್‌ಪುಸ್ತಕ ಎಲ್ಲೋ ಬಿದ್ದಿರುತ್ತದೆ. ಸಿಕ್ಕಿದ ದಿನ ಬಿಟ್ಟುಹೋದ ಪುಟಗಳನ್ನು ತುಂಬಿಸಲು ಕೂರಬೇಡಿ. ಆ ದಿನದ ತಾರೀಕು ಹಾಕಿ, ಆಗಿನ ಅರ್ಧ ಗಂಟೆಯಿಂದ ಬರೆಯಲು ತೊಡಗಿ.